ಮಾತಾಡದ ಕಂಪ್ಯೂಟರ್

ಚೀಲದಿಂದ ಲ್ಯಾಪ್‌ಟಾಪ್ ಹೊರಬರುತ್ತದೆ ಎಂದು ಹಾಸಿಗೆ ಅಂಗಡಿಯ ಯಜಮಾನರು ಕತ್ತು ಚಾಚಿ ಕಾದಿದ್ದರೆ, ಡಿಸೈನರ್ ಹುಡುಗಿ ಕತ್ತರಿ, ಅಂಟು ಮತ್ತು ಒಂದು ಕಟ್ಟು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ವೆಬ್‌ಸೈಟ್ ಮಾಡೋಕೆ ಬಂದ್ಯೋ, ಗಾಳಿಪಟ ಮಾಡೋಕೋ ತಾಯಿ?"

"ಮೊದಲು ಕಾಗದದಲ್ಲೇ ಮಾಡಿ ನೋಡೋಣ ಸರ್. ಜನ ಎಲ್ಲಿ ಎಡವ್ತಾರೆ ಅಂತ ಗೊತ್ತಾಗುತ್ತೆ. ಸರಿ ಅನ್ನಿಸಿದ್ರೆ ಕೆಲಸ ಕೊಡಿ, ಇಲ್ಲಾಂದ್ರೆ ಎದ್ದು ಹೋಗ್ತೀನಿ."

ಯಾವ ಕಂಪನಿಗೂ ಸೇರದೆ ಒಬ್ಬಳೇ ದುಡಿಯುವ ಹುಡುಗಿ. ಯಜಮಾನರಿಗೆ ಅವಳನ್ನು ಅಲ್ಲಿಂದಲೇ ಸಾಗಹಾಕುವ ಮನಸ್ಸಿತ್ತು, ಆದರೆ ಪಕ್ಕದಲ್ಲಿದ್ದ ಹೆಂಡತಿ ಬಿಡಬೇಕಲ್ಲ. ಅಂಗಡಿಯ ಫೋನು ಇಪ್ಪತ್ತೆರಡು ವರ್ಷದಿಂದ ಆಕೆಯ ಬಲಗಿವಿಗೆ ಅಂಟಿಕೊಂಡಿತ್ತು. ವೆಬ್‌ಸೈಟ್ ಬಂದರೆ ಆ ಕಿವಿಗೆ ಬಿಡುಗಡೆ ಎಂದು ಆಕೆ ದಿನ ಎಣಿಸುತ್ತಿದ್ದಳು.

ಯಜಮಾನರು ಹೇಳಿದಂತೆ ಮೂರು ಹಾಳೆಗಳು ಸಿದ್ಧವಾದವು: ಯಜಮಾನರ ಸಂದೇಶ, ಯಜಮಾನರ ಬಾಲ್ಯ, ಹಾಸಿಗೆಯ ಮೇಲೆ ಕುಳಿತ ಯಜಮಾನರು. ಹುಡುಗಿ ತನ್ನ ಕಡೆಯಿಂದ ಒಂದೇ ಒಂದು ಹಾಳೆ ಸೇರಿಸಿದಳು: 'ದಯವಿಟ್ಟು ಕಾಯಿರಿ'. ಆಮೇಲೆ ಮೂರು ಕಾಗದದ ಚೌಕ ಕತ್ತರಿಸಿ, ವೆಬ್‌ಸೈಟಿನ ಗುಂಡಿಗಳಂತೆ ಮೇಜಿಗೆ ಅಂಟಿಸಿದಳು.

"ಈಗ ಮೇಡಂ ಗಿರಾಕಿ, ನೀವು ಕಂಪ್ಯೂಟರ್. ಅವರು ಯಾವ ಚೌಕ ಮುಟ್ತಾರೋ ಅದರ ಹಾಳೆ ಮುಂದಿಡಿ. ನಿಮ್ಮ ಹತ್ರ ಇಲ್ಲದ್ದು ಕೇಳಿದ್ರೆ 'ಕಾಯಿರಿ' ಇಡಿ. ಒಂದೇ ನಿಯಮ, ಕಂಪ್ಯೂಟರ್ ಮಾತಾಡೋಲ್ಲ."

"ಒಂದು ಮಾತೂ ಇಲ್ವಾ?" ಎಂದಳು ಹೆಂಡತಿ.

"ಒಂದೂ ಇಲ್ಲ ಮೇಡಂ."

ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ಚೌಕ ಮುಟ್ಟಿದಳು, ಬಾಲ್ಯ ಬಂತು. ಎರಡನೆಯದು ಮುಟ್ಟಿದಳು, ಸಂದೇಶ ಬಂತು.

"ನಮ್ಮನೆ ಮೆಟ್ಟಿಲು ಕಿರಿದು. ಡಬಲ್ ಹಾಸಿಗೆ ಮೇಲೆ ಹತ್ತುತ್ತಾ?"

ಯಜಮಾನರು ಬಾಲ್ಯದ ಹಿಂಭಾಗವನ್ನೂ ತಿರುಗಿಸಿ ನೋಡಿದರು. ಕೊನೆಗೆ 'ಕಾಯಿರಿ' ಇಟ್ಟರು.

"ಹಳೇ ಹಾಸಿಗೆ ನೀವೇ ಹೊತ್ಕೊಂಡು ಹೋಗ್ತೀರಾ?"

ಕಾಯಿರಿ.

"ನಾಳೆ ಕಳಿಸ್ತೀವಿ ಅಂದ್ರಿ. ನಾಲ್ಕು ದಿನದಿಂದ ನೆಲದ ಮೇಲೆ ಮಲಗಿದೀನಿ ಕಣ್ರೀ."

ಯಜಮಾನರ ಮುಖ ಕೆಂಪಾಯಿತು. ಹುಡುಗಿ ತುಟಿಯ ಮೇಲೆ ಬೆರಳಿಟ್ಟು ಎಚ್ಚರಿಸಿದಳು. ಆದರೂ ತಡೆಯಲಾಗದೆ ಕಂಪ್ಯೂಟರ್ ಬಾಯಿಬಿಟ್ಟಿತು.

"ಇದನ್ನೆಲ್ಲ ಯಾರೇ ಕೇಳ್ತಾರೆ?"

"ಎಲ್ಲರೂ. ದಿನಾ. ನಿಮ್ಮ ಬಾಲ್ಯ ಹೇಗಿತ್ತು ಅಂತ ಮಾತ್ರ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ ರೀ."

ಯಜಮಾನರು ಹೆಂಡತಿಯ ಬಲಗಿವಿಯನ್ನು ಅದೇ ಮೊದಲು ನೋಡುವವರಂತೆ ನೋಡಿದರು. ಅದು ನಿಜವಾಗಿಯೂ ಎಡಗಿವಿಗಿಂತ ಕೆಂಪಗಿತ್ತು. ಅವರಿಗೆ ಪಾಪ ಅನ್ನಿಸಿತು, ನಾಚಿಕೆಯೂ ಆಯಿತು. ತಮ್ಮ ಮೂರೂ ಹಾಳೆಗಳನ್ನು ಹುಡುಗಿಯ ಕಡೆ ತಳ್ಳಿದರು.

"ಇವಳು ಕೇಳಿದ್ದನ್ನೆಲ್ಲ ಬರಿಯಮ್ಮ. ಕೆಲಸ ನಿನ್ನದೇ. ಬಾಲ್ಯ ಮಾತ್ರ ಒಂದು ಮೂಲೆಯಲ್ಲಿ ಇರಲಿ, ಚಿಕ್ಕದಾಗಿ."

ಮಿಕ್ಕ ಖಾಲಿ ಹಾಳೆಗಳನ್ನು ಹೆಂಡತಿ ಕೇಳಿ ಪಡೆದುಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ.

ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಒಂದು ಹಾಳೆ ಬಂದು ಕುಳಿತಿತ್ತು. ಅದರಲ್ಲಿ ಒಂದೇ ಚೌಕ, ಅದರೊಳಗೆ 'ಪಾತ್ರೆ ತೊಳೆಯುವುದು'. ಹೆಂಡತಿ ಗಂಡನ ಎದುರಿಗೇ ಅದನ್ನು ಒಮ್ಮೆ ಮುಟ್ಟಿದಳು.

"ಅಲ್ಲ ಕಣೇ, ನಾನು ಈಗ..."

"ಕಂಪ್ಯೂಟರ್ ಮಾತಾಡೋಲ್ಲ."

ಯಜಮಾನರು ತೆರೆದ ಬಾಯಿ ಮುಚ್ಚಿದರು. ಅಂಗಡಿಯಿಂದ ಯಾರಿಗೂ ಕಾಣದಂತೆ ಎತ್ತಿಕೊಂಡು ಬಂದಿದ್ದ ಹಾಳೆಯನ್ನು ಜೇಬಿನಿಂದ ತೆಗೆದರು. ಮಡಿಕೆ ಬಿಡಿಸಿ, ಅಂಗೈಯಿಂದ ನೀಟಾಗಿ ಸವರಿ, ಹೆಂಡತಿಯ ಮುಂದಿಟ್ಟರು: 'ದಯವಿಟ್ಟು ಕಾಯಿರಿ'.