ತೊಂಡೇಬಾವಿಯಲ್ಲಿ ಹೊರಟ ರೈಲು

"ರೈಲು ಹೊರಟೇಬಿಡ್ತು ಕಣಮ್ಮ!" ಎಂದರು ಪಕ್ಕದ ಮನೆಯ ಜಾನಕಮ್ಮ. ಅವರ ಬೆನ್ನ ಹಿಂದೆ ಹದಿನೈದರ ಅಂಬರೀನ್ ಅವರ ಹಾಗೆಯೇ ತುಟಿಯಾಡಿಸಿ ಕೈ ಬೀಸಿದಳು. ಎದುರಿಗೆ ಕೂತಿದ್ದ ಚಿಕ್ಕಪ್ಪನ ಮಗಳು ಆಸ್ಮಾ ದುಪಟ್ಟಾ ಬಾಯಿಗೊತ್ತಿ ನಗು ತಡೆದಳು. ಮದುವೆಯಾಗಿ ಗೌರಿಬಿದನೂರಿಗೆ ಬರುವಾಗ ಗಂಡ ನೀರು ತರಲು ತೊಂಡೇಬಾವಿ ಸ್ಟೇಷನ್ನಿನಲ್ಲಿ ಇಳಿದ ಕಥೆಯನ್ನು ಜಾನಕಮ್ಮ ದಿನಾ ಸಂಜೆ ಬಂದು ಹೇಳುತ್ತಿದ್ದರು. ಅಂಬರೀನ್‌ಗೆ ಅದು ಬಾಯಿಪಾಠವಾಗಿತ್ತು.

"ಇವ್ರು ಚೊಂಬು ಹಿಡ್ಕೊಂಡು ಓಡ್ತಿದಾರೆ, ಓಡ್ತಿದಾರೆ..." ಜಾನಕಮ್ಮನ ಮಾತು ಅಲ್ಲೇ ನಿಂತಿತು. ಅಂಬರೀನಳ ತುಟಿ ಮಾತ್ರ ಮುಂದಿನ ಸಾಲಿಗೆ ಹೋಗಿತ್ತು. ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಗಾಬರಿಯಿಂದ ಬಾಗಿಲ ಕಡೆ ನೋಡಿದರು. "ಆಮೇಲೆ? ಹತ್ತಿದ್ರಾ ಅವ್ರು?"

ಆಸ್ಮಾ ಕಿಸಕ್ಕನೆ ನಕ್ಕೇಬಿಟ್ಟಳು. ಅಂಬರೀನ್ ಬೀಸುತ್ತಿದ್ದ ಕೈ ಇಳಿಸಿದಳು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದ ಈ ಅಜ್ಜಿ, ಈಗಷ್ಟೇ ಮದುವೆಯಾದ ಹುಡುಗಿಯಾಗಿ, ಓಡುವ ರೈಲಿನಲ್ಲಿ ಒಬ್ಬಳೇ ಕೂತು ಹೆದರಿದ್ದಳು. ಅಂಬರೀನ್ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು, ಆ ಚಡಪಡಿಸುವ ಬೆರಳುಗಳನ್ನು ಹಿಡಿದುಕೊಂಡಳು.

"ಹತ್ತಿದ್ರು ಅಜ್ಜಿ. ಕೊನೇ ಬೋಗಿಗೆ ಹತ್ತಿದ್ರು. ಗೌರಿಬಿದನೂರಲ್ಲಿ ಇಳಿದು ಸೀದಾ ನಿಮ್ಮತ್ರಾನೇ ಬಂದ್ರು."

"ನೀರು?"

"ಅರ್ಧ ಚೊಂಬು ಉಳಿದಿತ್ತು. ಅಷ್ಟನ್ನೂ ನಿಮಗೇ ಕೊಟ್ರು."

ಆಸ್ಮಾಳ ನಗು ನಿಂತಿತ್ತು. ಜಾನಕಮ್ಮ ಉದ್ದಕ್ಕೆ ಉಸಿರು ಬಿಟ್ಟರು.

"ಸದ್ಯ, ಬಂದ್ರಲ್ಲ," ಎಂದರು.