ಬಿಟ್ಟುಕೊಟ್ಟ ಸೀಟು

ಒಫೀಲಿಯಾ ಮೈಕಿನ ಮುಂದೆ ನಿಂತು ಸ್ಪ್ಯಾನಿಷ್‌ನಲ್ಲಿ ಹೇಳಿದಳು: "ನಾನು ಜಗಳಕ್ಕೆ ಬಂದಿಲ್ಲ. ಒಂದು ವಿಷಯ ತಿಳ್ಕೋಬೇಕಿತ್ತು, ಅಷ್ಟೇ."

ಪಕ್ಕದಲ್ಲಿ ನಿಂತಿದ್ದ ದುಭಾಷಿ ನೆರೇಡಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಆಡಿದವರು 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. ತನ್ನದೊಂದು ಮಾತು ಸೇರಿಸುವಂತಿಲ್ಲ, ಅವರದೊಂದು ಬಿಡುವಂತಿಲ್ಲ. ಒರೆಗಾನಿನ ಆ ಪುಟ್ಟ ಊರಿನ ಶಾಲಾ ಮಂಡಳಿಯ ಏಳು ಜನ ಎದುರಿಗೆ ಕೂತಿದ್ದರು. ಗುಡ್ಡದ ಮೇಲಿನ ಶಾಲೆಯಲ್ಲಿರುವ ಸ್ಪ್ಯಾನಿಷ್ ಮಾಧ್ಯಮವನ್ನು ಕೆಳಗೆ ಮಿಲ್ ಬೀದಿಯ ಶಾಲೆಗೆ ಸಾಗಿಸಬೇಕೇ, ಬೇಡವೇ? ಆ ಸಂಜೆ ಅದರ ತೀರ್ಮಾನ ಆಗಬೇಕಿತ್ತು. ಸ್ಪ್ಯಾನಿಷ್ ಆಡುವ ಮನೆಗಳು ಬಹುಪಾಲು ಮಿಲ್ ಬೀದಿಯ ಸುತ್ತಮುತ್ತಲೇ ಇದ್ದವು.

"ಮೂರು ವರ್ಷದ ಹಿಂದೆ ನನ್ನ ಮಗ ಎಫ್ರಾಯಿನ್‌ಗೆ ಅಲ್ಲಿ ಸೀಟು ಬಂತು," ಒಫೀಲಿಯಾ ಮುಂದುವರಿಸಿದಳು. "ಸ್ಪ್ಯಾನಿಷ್ ಮನೆಯವ್ರಿಗೆ ಅಂತಲೇ ಇಟ್ಟಿರೋ ಸೀಟು. ಆದ್ರೆ ಗುಡ್ಡಕ್ಕೆ ಬಸ್ಸಿಲ್ಲ, ಹಣ್ಣಿನ ಫ್ಯಾಕ್ಟರೀಲಿ ನನ್ನ ಕೆಲಸ ಬೆಳಗ್ಗೆ ಆರಕ್ಕೇ ಶುರು. ಎರಡು ವಾರ ನಮ್ಮಣ್ಣ ಕಾರಲ್ಲಿ ಬಿಟ್ಟ. ಆಮೇಲೆ ಅವನಿಗೂ ಆಗ್ಲಿಲ್ಲ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಹೋಗಿ, ಸೀಟು ಬಿಡ್ತೀನಿ ಅಂತ ಸಹಿ ಹಾಕಿ ಬಂದೆ."

ತಾರೀಕಿನ ಹತ್ತಿರ ನೆರೇಡಾಳ ದನಿ ತಡೆಯಿತು. ಆ ವರ್ಷ ಸೆಪ್ಟೆಂಬರ್ ಇಪ್ಪತ್ತಕ್ಕೆ ಅವಳಿಗೆ ಶಾಲೆಯಿಂದ ಒಂದು ಫೋನ್ ಬಂದಿತ್ತು. ಯಾರೋ ಸ್ಪ್ಯಾನಿಷ್ ಮನೆಯವರು ಸೀಟು ಬಿಟ್ಟಿದ್ದಾರೆ, ಇರುವುದು ಒಂದೇ, ವೇಟಿಂಗ್ ಲಿಸ್ಟಿನಲ್ಲಿ ನಿಮ್ಮ ಮಗಳು ಪಲೋಮಾಳೇ ಮುಂದಿದ್ದಾಳೆ, ನಾಳೆಯೇ ಕರೆತನ್ನಿ ಎಂದು. ಆಮೇಲೆ ಶಾಲೆ ಹತ್ತಿರವಿರಲಿ ಎಂದೇ ನೆರೇಡಾ ಗುಡ್ಡದ ಮೇಲೆ ಮನೆ ಹಿಡಿದಿದ್ದಳು. ಸ್ಪ್ಯಾನಿಷ್ ಮಾಧ್ಯಮ ಕೆಳಗಿಳಿಯುವುದು ಅವಳಿಗೆ ಬೇಕಿರಲಿಲ್ಲ.

"ಹೇಳಿ, ಕೇಳ್ತಿದೀವಿ," ಎಂದರು ಅಧ್ಯಕ್ಷರು.

ನೆರೇಡಾ ನೀರು ಕುಡಿದು, ಬಿಟ್ಟ ಮಾತು ಪೂರ್ತಿ ಮಾಡಿದಳು. ಒಫೀಲಿಯಾ ಕೊನೆಯದಾಗಿ ಕೇಳಿದಳು: "ಆ ಸೀಟು ಯಾರಿಗೆ ಸಿಕ್ತು ಅಂತ ನಾನು ತಿಳ್ಕೋಬೇಕು. ಹೊಟ್ಟೆಕಿಚ್ಚಿಗೆ ಕೇಳ್ತಿಲ್ಲ. ಆ ಮಗು ಚೆನ್ನಾಗಿ ಓದ್ತಿದ್ಯಾ, ಏನೇನು ಕಲಿತಿದೆ ಅಂತ. ಗುಡ್ಡದ ಕಡೆ ಕಣ್ಣು ಹೋದಾಗೆಲ್ಲ ಅದೇ ಯೋಚ್ನೆ ಬರುತ್ತೆ."

"ಆ ಸೀಟು ಯಾರಿಗೆ ಸಿಕ್ಕಿತು ಅಂತ ನಾನು ತಿಳ್ಕೋಬೇಕು," ಎಂದು ಇಂಗ್ಲಿಷಿನಲ್ಲಿ ಶುರುಮಾಡಿ, ನೆರೇಡಾ ಉಳಿದದ್ದನ್ನೂ ಹೇಳಿ ಮುಗಿಸಿದಳು.

"ಮಕ್ಕಳ ವಿವರ ಹೊರಗೆ ಹೇಳೋ ಹಾಗಿಲ್ಲಮ್ಮ, ತಪ್ಪು ತಿಳೀಬೇಡಿ," ಎಂದ ಅಧ್ಯಕ್ಷರು ನೋಡಿದ್ದು ಒಫೀಲಿಯಾಳನ್ನಲ್ಲ, ನೆರೇಡಾಳನ್ನು. ನೆರೇಡಾ ಅದನ್ನೂ ಒಂದಕ್ಷರ ಬಿಡದೆ ಸ್ಪ್ಯಾನಿಷ್‌ಗೆ ತಿರುಗಿಸಿದಳು. ಒಫೀಲಿಯಾ ತಲೆಯಾಡಿಸಿ ಹೋಗಿ ಕೂತಳು.

ನಾಲ್ಕಕ್ಕೆ ಮೂರು ಮತ ಬಿತ್ತು. ಬರುವ ಆಗಸ್ಟಿನಿಂದ ಸ್ಪ್ಯಾನಿಷ್ ಮಾಧ್ಯಮ ಮಿಲ್ ಬೀದಿಗೆ.

ಬಾಗಿಲಲ್ಲಿ ಕಿರ್ಸ್ಟನ್ ಅಡ್ಡ ಬಂದಳು. ಅವಳ ಮಗನೂ ಪಲೋಮಾಳೂ ಒಂದೇ ತರಗತಿ. "ಏನ್ರೀ ನೆರೇಡಾ, ಎಷ್ಟು ಚೆನ್ನಾಗಿ ವಾದ ಮಾಡಿದ್ರಿ! ಮಧ್ಯೆ ನಿಮ್ಮ ದನಿ ಬೇರೆ ತಡೀತು. ನಿಮ್ಮ ಮಗಳೂ ಅಲ್ಲೇ ಓದ್ತಾಳೆ ಅನ್ನೋದು ಮರೆತೇಹೋಯ್ತಾ?"

"ಅದು ಅವರ ಮಾತು ಕಣ್ರೀ, ನಂದಲ್ಲ."

"ಕೇಳಿದೋರಿಗೆ ನಿಮ್ದೇ ಅನ್ನಿಸ್ತು, ಬಿಡಿ."

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಒಫೀಲಿಯಾ ಅಣ್ಣನಿಗಾಗಿ ಕಾಯುತ್ತಿದ್ದಳು. ನೆರೇಡಾ ತನ್ನ ಕಾರಿನವರೆಗೆ ಹೋದವಳು ತಿರುಗಿ ಬಂದಳು. ಕೊರಳಿಗೆ ನೇತುಹಾಕಿದ್ದ ದುಭಾಷಿಯ ಗುರುತಿನ ಚೀಟಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಆ ಸೀಟು ನನ್ನ ಮಗಳಿಗೆ ಸಿಕ್ತು," ಎಂದಳು.

ಒಫೀಲಿಯಾ ಅವಳ ಮುಖವನ್ನೇ ನೋಡಿದಳು. "ನಿಮ್ಮ ಮಗಳಿಗಾ?"

"ಹೂಂ. ಮಾರನೇ ದಿನವೇ ಫೋನ್ ಮಾಡಿದ್ರು. ಒಳಗೆ ಹೇಳೋ ಹಾಗಿರ್ಲಿಲ್ಲ."

ಎರಡು ಮಾತು ಬೈಯಲಿ ಎಂದೇ ನೆರೇಡಾ ಕಾದಳು. ಒಫೀಲಿಯಾ ಮಾತ್ರ ಹತ್ತಿರ ಸರಿದು, "ಹೆಸರೇನು? ಈಗ ಮನೇಲಿದಾಳಾ? ಒಂದು ನಿಮಿಷ ಮಾತಾಡ್ಲಾ?" ಎಂದಳು.

ನೆರೇಡಾ ಫೋನ್ ಹಚ್ಚಿ ಕೊಟ್ಟಳು.

"ಪಲೋಮಾ, ನಾನು ನಿಮ್ಮಮ್ಮನ ಪರಿಚಯದವಳು. ಇವತ್ತು ಶಾಲೇಲಿ ಏನು ಹೇಳ್ಕೊಟ್ರು ಪುಟ್ಟಿ?"

ಹುಡುಗಿ ಸಂಕೋಚವಿಲ್ಲದೆ ಸ್ಪ್ಯಾನಿಷ್‌ನಲ್ಲೇ ಹೇಳಿದಳು: "ಪೇರ್ ಹೂವಿನ ಪಾಠ ಆಂಟಿ. ಜೇನ್ನೊಣ ಒಂದು ಹೂವಿನ ಪುಡಿಯನ್ನ ಇನ್ನೊಂದು ಹೂವಿಗೆ ಹೊತ್ಕೊಂಡು ಹೋಗುತ್ತಲ್ಲ, ಅದು ಪರಾಗಸ್ಪರ್ಶ. ಅದು ಆಗ್ದೇ ಇದ್ರೆ ಕಾಯೇ ಕಟ್ಟಲ್ಲ."

"ಏನಂದೆ? ಅದೊಂದು ಮಾತು ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ಟೀಚರ್ ಹೇಳಿಕೊಡುವ ಹಾಗೆ ಪಲೋಮಾ 'ಪರಾಗ... ಸ್ಪರ್ಶ' ಎಂದು ಬಿಡಿಸಿ ಬಿಡಿಸಿ ಹೇಳಿದಳು. ಒಫೀಲಿಯಾ ಅವಳ ಹಿಂದೆಯೇ, ಒಮ್ಮೆ ತಪ್ಪಿ, ಎರಡನೆಯ ಸಲ ಸರಿಯಾಗಿ ಹೇಳಿದಳು. ಆಮೇಲೆ ಫೋನನ್ನು ಕಿವಿಯಿಂದ ತೆಗೆಯದೆಯೇ ನೆರೇಡಾಳ ಕಡೆ ತಿರುಗಿದಳು.

"ಹನ್ನೊಂದು ವರ್ಷದಿಂದ ಪೇರ್ ಹಣ್ಣು ಡಬ್ಬಕ್ಕೆ ತುಂಬ್ತಿದೀನಿ. ಇದಕ್ಕೆ ನಮ್ಮ ಭಾಷೇಲೇ ಒಂದು ಹೆಸರಿತ್ತಾ?"