ಅಜ್ಜಿ ಹತ್ತಿದ ರೋಲರ್ ಕೋಸ್ಟರ್

ನಮ್ಮನೇಲಿ ಒಂದು ಉಂಗುರ ಇದೆ, ಅದನ್ನ ಹಾಕ್ಕೊಂಡವ್ರಿಗೆ ಅನ್ಸಿದ್ದು ಮನೆಯವ್ರಿಗೆಲ್ಲ ಅನ್ಸುತ್ತೆ. ಹಂಗಾಗಿ ಪಾರ್ಕಿಗೆ ಬಂದಾಗೆಲ್ಲ ನಮ್ಮ ದೊಡ್ಡಪ್ಪ ತಗೊಳ್ಳೋದು ಒಂದೇ ಟಿಕೆಟ್ಟು. ಈ ವರ್ಷ ಮೊದಲ್ನೇ ಸಲ ಅಜ್ಜಿ ಸರದಿ. ನಾವೆಲ್ಲ ಹುಲ್ಲಿನ ಮೇಲೆ ಕಣ್ಮುಚ್ಕೊಂಡು ಕೂತ್ವಿ.

ರೋಲರ್ ಕೋಸ್ಟರ್ ಮೇಲೇರ್ತಾ ಇತ್ತು. ನಮಗೆ ಬಂದಿದ್ದು ಬರೀ ಡಬ್ಬೀಲಿರೋ ಚಿತ್ರಾನ್ನ ಹಳಸುತ್ತೇನೋ ಅನ್ನೋ ಚಿಂತೆ.

"ಅತ್ತೆಗೆ ಅಲ್ಲೂ ಡಬ್ಬಿದೇ ಧ್ಯಾನ ಕಣ್ರೀ," ಅಂದ್ರು ದೊಡ್ಡಮ್ಮ. "ಟಿಕೆಟ್ ದಂಡ ಆಯ್ತು."

ಅಷ್ಟರಲ್ಲಿ ಗಾಡಿ ಕೆಳಗೆ ಜಾರ್ತು. ಎಂಥಾ ಖುಷಿ ನುಗ್ತು ಅಂದ್ರೆ, ದೊಡ್ಡಪ್ಪನೇ ಮಗು ಥರ ಕೇಕೆ ಹಾಕಿದ್ರು.

ಅಜ್ಜಿ ಇಳಿದು ಬಂದು ಸೆರಗು ಸರಿಮಾಡ್ಕೊಂಡ್ರು. "ಏನಿಲ್ಲಪ್ಪ, ಬರೀ ತಲೆಸುತ್ತು. ನಡೀರಿ, ಊಟ ಮಾಡೋಣ," ಅಂದ್ರು.

ಉಂಗುರ ತೆಗೆಯೋದೇ ಮರ್ತಿದ್ರು. ನಮ್ಮೆಲ್ಲರ ಎದೇಲೂ 'ಇನ್ನೊಂದ್ಸಲ, ಇನ್ನೊಂದ್ಸಲ' ಅಂತ ಕುಣೀತಾನೇ ಇತ್ತು.

ದೊಡ್ಡಪ್ಪ ಎದ್ದು, ಟಿಕೆಟ್ ಕ್ಯೂನಲ್ಲಿ ಹೋಗಿ ನಿಂತ್ರು.